ಬಿಷಪ್ಪರು ಕೇಳಿರಲಿಲ್ಲ

ಏಪ್ರಿಲ್ ಕೊನೆಯ ವಾರ ಬಂತೆಂದರೆ ಮೆಥೊಡಿಸ್ಟ್ ಪಾದ್ರಿಗಳ ಮನೆಯಲ್ಲಿ ಯಾರೂ ಹೊಸ ಪರದೆ ಹೊಲಿಸುವುದಿಲ್ಲ, ಹಿತ್ತಲಲ್ಲಿ ಟೊಮೆಟೊ ಸಸಿ ನೆಡುವುದಿಲ್ಲ. ನೆಟ್ಟರೂ ಹಣ್ಣು ತಿನ್ನುವವರು ಬೇರೆಯವರಾಗಿರುತ್ತಾರೆ. ಯಾವ ಪಾದ್ರಿ ಯಾವ ಊರಿಗೆ ಎಂದು ತೀರ್ಮಾನಿಸುವವರು ಬಿಷಪ್ಪರು. ಜೂನ್ ತಿಂಗಳ ವಾರ್ಷಿಕ ಸಮ್ಮೇಳನದಲ್ಲಿ ಅವರು ಪಟ್ಟಿ ಹಿಡಿದು ಹೆಸರು ಓದಿದರೆ ಮುಗಿಯಿತು, ಮುಂದಿನ ಬುಧವಾರ ಮಧ್ಯಾಹ್ನದೊಳಗೆ ಮನೆ ಖಾಲಿ ಮಾಡಬೇಕು. ಹೊಸ ಪಾದ್ರಿಯ ಟ್ರಕ್ಕು ಬೀದಿಯ ತುದಿಯಲ್ಲಿ ಕಾಯುತ್ತಿರುತ್ತದೆ. ಇಮೋಜೀನ್ ಪ್ರುಯೆಟ್ ಮೂವತ್ನಾಲ್ಕು ವರ್ಷದ ಸಂಸಾರದಲ್ಲಿ ಹೀಗೆ ಹದಿಮೂರು ಮನೆ ಬದಲಿಸಿದ್ದಳು. ಹದಿಮೂರರಲ್ಲಿ ಒಂದು ಕುರ್ಚಿಯೂ ಅವಳದಲ್ಲ, ಎಲ್ಲ ಆಯಾ ಊರಿನ ಚರ್ಚಿನ ಸಭೆಯವರದು. ಮಂಚದ ಹಲಗೆಯ ಕೆಳಗೂ ಇದು ಚರ್ಚಿನ ಸೊತ್ತು ಎಂದು ಸಭೆಯ ಹೆಂಗಸರು ಅಂಟಿಸಿದ ಚೀಟಿ ಇರುತ್ತಿತ್ತು.

ಈಗಿನದು ಅಲಬಾಮಾದ ಬ್ರೆಂಟ್‌ಫೋರ್ಡ್ ಪಟ್ಟಣದ ದೊಡ್ಡ ಮನೆ. ಗಂಡ ಹೋಯ್ಟ್ ಪ್ರುಯೆಟ್ ಅಲ್ಲಿ ಜಿಲ್ಲಾ ಮೇಲ್ವಿಚಾರಕ. ಅರವತ್ತೆರಡು ಚರ್ಚುಗಳು, ಅವುಗಳ ಪಾದ್ರಿಗಳು, ಆ ಪಾದ್ರಿಗಳ ಜಗಳಗಳು ಎಲ್ಲಾ ಅವನ ಕೈಕೆಳಗೆ. ಮಗ ಡ್ವೈಟ್ ಕೂಡ ಪಾದ್ರಿ. ಹತ್ತಿಗಿರಣಿಯ ಹತ್ತಿರ ಅವನದೊಂದು ಪುಟ್ಟ ಚರ್ಚು, ಅದಕ್ಕೆ ಪಾದ್ರಿಮನೆ ಇಲ್ಲದ್ದರಿಂದ ಅವನು, ಹೆಂಡತಿ ಗ್ಲೆಂಡಾ, ಮಗಳು ಪೆನ್ನಿ ಮೂವರೂ ಇದೇ ಮನೆಯ ಮಹಡಿಯಲ್ಲಿದ್ದರು. ಒಂದೇ ಒಲೆ, ಒಂದೇ ಮೇಜು. ಗ್ಲೆಂಡಾ ಬೆಳಗ್ಗೆ ಔಷಧಿ ಅಂಗಡಿಯ ಕೆಲಸಕ್ಕೆ ಹೋದರೆ ಇಮೋಜೀನ್ ಮೊಮ್ಮಗಳ ತಲೆ ಬಾಚಿ, ಎರಡು ಬೀದಿಯಾಚೆಯ ಶಾಲೆಗೆ ಬಿಟ್ಟು ಬರುತ್ತಿದ್ದಳು.

ಪೆನ್ನಿಗೆ ಐದು ವರ್ಷ, ಹುಟ್ಟು ಕಿವುಡು. ಆ ಶಾಲೆಯಲ್ಲಿ ಅಂಥ ಮಕ್ಕಳಿಗೆಂದೇ ಒಂದು ತರಗತಿ ಇತ್ತು. ಸೇರಿದಾಗ ಏನು ಬೇಕಾದರೂ ನೆಲಕ್ಕೆ ಬಿದ್ದು ಒದ್ದಾಡುತ್ತಿದ್ದ ಮಗು, ಎರಡು ವರ್ಷದಲ್ಲಿ ಕೈಯಲ್ಲಿ ಹಾಲು ಕೇಳುತ್ತಿತ್ತು, ಚಂದ್ರನನ್ನು ತೋರಿಸಿ ಹೆಸರು ಹೇಳುತ್ತಿತ್ತು, ಅಜ್ಜಿಯ ಅಡುಗೆಗೆ ಉಪ್ಪು ಕಡಿಮೆ ಎಂದು ದೂರುತ್ತಿತ್ತು. ಗ್ಲೆಂಡಾ ಆ ಕೈಮಾತನ್ನು ಪೂರ್ತಿ ಕಲಿತಿದ್ದಳು, ಇಮೋಜೀನ್ ಅರ್ಧ, ಡ್ವೈಟ್ ಅಷ್ಟಿಷ್ಟು. ಹೋಯ್ಟನಿಗೆ ಮಾತ್ರ ಒಂದೂ ಬಾರದು. ಕಿವುಡಿಗೆ ಕಿವಿಯ ಹತ್ತಿರ ಹೋಗಿ ಕೂಗಿದರೆ ಕೇಳುತ್ತದೆಂದು ಅವನು ಮೂರು ವರ್ಷದಿಂದ ನಂಬಿದ್ದ. ಊಟದ ಪ್ರಾರ್ಥನೆಯನ್ನು ಅವಳ ಕಿವಿಗೆ ಬಾಯಿಟ್ಟು ಗರ್ಜಿಸುತ್ತಿದ್ದ. ಮಗು ಕಣ್ಣು ಮುಚ್ಚಿ, ಅಜ್ಜನ ಉಸಿರಿನ ಬಿಸಿ ಸಹಿಸಿಕೊಂಡು ಕೂರುತ್ತಿತ್ತು.

ಅದು ಎಪ್ಪತ್ತಾರನೇ ಇಸವಿ. ನಾಲ್ಕು ವರ್ಷಕ್ಕೊಮ್ಮೆ ಹೊಸ ಬಿಷಪ್ಪರನ್ನು ಆರಿಸುವ ವರ್ಷ. ಹೋಯ್ಟ್ ಹಿಂದೆ ಮೂರು ಸಲ ಆ ಚುನಾವಣೆಗೆ ನಿಂತು ಬೆರಳೆಣಿಕೆಯ ವೋಟು ತಗೊಂಡು ಬಂದಿದ್ದ. ವಯಸ್ಸು ಐವತ್ತೆಂಟು. ಇದೇ ಕೊನೆಯ ಸಲವೆಂದು ಅವನಿಗೂ ಗೊತ್ತಿತ್ತು, ಅವನ ಅಂಗಿಗಳಿಗೆ ಗಂಜಿ ಹಾಕುವ ಇಮೋಜೀನಳಿಗೂ ಗೊತ್ತಿತ್ತು. ಬಿಷಪ್ ಆದವನು ಸಾಯುವವರೆಗೂ ಬಿಷಪ್. ಬೇರೆಯವರಿಂದ ಮೇಲ್ವಿಚಾರಣೆ ಮಾಡಿಸಿಕೊಳ್ಳುವ ಪಾಡು ಅಲ್ಲಿಗೆ ಮುಗಿಯುತ್ತದೆ. ಇಮೋಜೀನಳಿಗೂ ಆ ಆಸೆ ಇತ್ತು, ಸುಳ್ಳೇಕೆ ಹೇಳಬೇಕು.

ಬಿಷಪ್ಪರೂ ಏಳು ಜನ ಮೇಲ್ವಿಚಾರಕರೂ ನಾಲ್ಕು ದಿನ ಒಂದು ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಪಟ್ಟಿ ತಯಾರಿಸುತ್ತಾರೆ. ಅದಕ್ಕೆ ಕ್ಯಾಬಿನೆಟ್ಟು ಎಂದು ಹೆಸರು, ಅಲ್ಲಿ ಆಡಿದ ಮಾತು ಹೊರಗೆ ಬರಕೂಡದು. ಹೋಯ್ಟ್ ಹೊರಡುವ ದಿನ ಬೆಳಗಿನ ತಿಂಡಿಯ ಹೊತ್ತಿಗೆ ಗ್ಲೆಂಡಾ ಅವನ ತಟ್ಟೆಗೆ ಇನ್ನೊಂದು ಮೊಟ್ಟೆ ಹಾಕಿ, ಹೋಗದೆ ಅಲ್ಲೇ ನಿಂತಳು.

"ಮಾವ, ಬಿಷಪ್ಪರಿಗೆ ಒಂದೇ ಮಾತು ಹೇಳಿ. ಮೂರು ವರ್ಷ ನಮ್ಮನ್ನ ಇಲ್ಲೇ ಬಿಡ್ಲಿ. ಪೆನ್ನಿ ಓದೋದು ಕಲಿತುಬಿಡ್ಲಿ, ಆಮೇಲೆ ಎಲ್ಲಿಗಾದ್ರೂ ಹಾಕ್ಲಿ."

"ನಾನು ಹೇಳೋ ಹಾಗಿಲ್ಲಮ್ಮ. ಸ್ವಂತದವರ ಹೆಸರು ಬಂತು ಅಂದ್ರೆ ನಾನು ಎದ್ದು ಕಾರಿಡಾರಿಗೆ ಹೋಗ್ಬೇಕು. ಒಳಗೆ ಅವರು ಮಾತಾಡ್ತಾರೆ, ಕರೆದಾಗ ಬರ್ತೀನಿ. ಅದು ಪದ್ಧತಿ."

"ಏಳೋಕೆ ಮುಂಚೆ ಹೇಳಬಹುದಲ್ಲ?"

ಹೋಯ್ಟ್ ನಕ್ಕ. ಈ ಹುಡುಗಿ ಗಂಡಾಗಿದ್ದರೆ ಬಿಷಪ್ಪಾಗುತ್ತಿದ್ದಳು ಎಂದು ಮಗನ ಕಡೆ ನೋಡಿ ಹೇಳಿ, ಮೊಟ್ಟೆ ಮುಗಿಸಿ ಕಾರು ಹತ್ತಿದ.

ಶುಕ್ರವಾರ ವಾಪಸು ಬಂದವನು ಹಂದಿಮಾಂಸ ಹಾಕಿದ ಅವರೆಕಾಳನ್ನು ಎರಡು ಸಲ ಬಡಿಸಿಕೊಂಡ, ಮಜ್ಜಿಗೆ ಕೇಳಿ ಕುಡಿದ. ಏನಾಯಿತು ಎಂದು ಯಾರೂ ಕೇಳಲಿಲ್ಲ, ಕೇಳುವುದು ಪದ್ಧತಿಯಲ್ಲ. ಅವನ ಮುಖ ಮಾತ್ರ ಗೆಲುವಾಗಿತ್ತು. ಗ್ಲೆಂಡಾ ಅದನ್ನು ಶುಭವೆಂದೇ ತಿಳಿದು ಶನಿವಾರ ಪೆನ್ನಿಗೆ ಶಾಲೆಯ ಹೊಸ ಬೂಟು ಕೊಂಡಳು.

ಮಂಗಳವಾರ ಸಂಜೆ ಊಟದ ನಡುವೆ ಫೋನು ಬಂತು. ಡ್ವೈಟ್ ಎದ್ದು ಹೋಗಿ, ಹೂಂ ಸರ್, ಆಗಲಿ ಸರ್, ವಂದನೆಗಳು ಸರ್ ಎಂದು ಮೂರು ಮಾತು ಹೇಳಿ ಬಂದು ಕೂತ. ಗುಡ್ಡಗಾಡಿನ ಜಿಲ್ಲೆಯ ಮೇಲ್ವಿಚಾರಕರು ಮಾತಾಡಿದ್ದು. ಅವನನ್ನು ಟಾರ್ಬೆಟ್ ಗುಡ್ಡಕ್ಕೆ ಹಾಕಿದೆ. ನೂರ ಎಪ್ಪತ್ತು ಮೈಲಿ ದೂರ, ಕೊನೆಯ ಮೂವತ್ತು ಮೈಲಿ ಕೆಮ್ಮಣ್ಣಿನ ದಾರಿ. ನಾಲ್ಕು ಚರ್ಚುಗಳಿಗೆ ಸೇರಿ ತೊಂಬತ್ತು ಜನ. ಕಿವುಡು ಮಕ್ಕಳ ತರಗತಿಯ ಮಾತಿರಲಿ, ಅಲ್ಲಿ ಎಲ್ಲ ಮಕ್ಕಳಿಗೂ ಸೇರಿ ಇದ್ದದ್ದೇ ಇಬ್ಬರು ಮೇಷ್ಟರು. ಅಂಥ ಊರಿನವರು ಅಂಥ ಮಕ್ಕಳನ್ನು ರಾಜ್ಯದ ವಸತಿ ಶಾಲೆಗೆ ಸೇರಿಸಿ, ಕ್ರಿಸ್‌ಮಸ್ಸಿಗೊಮ್ಮೆ, ಬೇಸಿಗೆಗೊಮ್ಮೆ ಮನೆಗೆ ಕರೆತರುತ್ತಾರೆ.

ಗ್ಲೆಂಡಾ ಮಾವನ ಕಡೆ ತಿರುಗಿದಳು. ಹೋಯ್ಟ್ ಮೆಕ್ಕೆಜೋಳದ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತ, ತನ್ನ ಕಡೆ ನೋಡಿ ಪ್ರಯೋಜನವಿಲ್ಲ, ತಾನು ಕಾರಿಡಾರಿನಲ್ಲಿದ್ದೆ, ನೇಮಿಸುವವರು ಬಿಷಪ್ಪರು ಎಂದ. ಹಾಗಾದರೆ ತಾನೂ ಮಗುವೂ ಇಲ್ಲೇ ಒಂದು ರೂಮು ಹಿಡಿಯುತ್ತೇವೆ ಎಂದಳು ಗ್ಲೆಂಡಾ.

"ಪಾದ್ರಿ ಒಂದೂರಲ್ಲಿ, ಪಾದ್ರಿ ಹೆಂಡ್ತಿ ಇನ್ನೊಂದೂರಲ್ಲಿ," ಎಂದ ಹೋಯ್ಟ್. "ಮೊದಲನೇ ತಿಂಗಳು ಅವನೇ ನಿನ್ನ ಬಿಟ್ಟ ಅಂತಾರೆ. ಎರಡನೇ ತಿಂಗಳು ನೀನೇ ಓಡಿಹೋದೆ ಅಂತಾರೆ. ಮೂರನೇ ತಿಂಗಳು ಅವನಿಗೆ ಕೆಲಸ ಇರಲ್ಲ."

"ಪಾದ್ರಿಯಾದ ದಿನ ನಾನು ಮಂಡಿಯೂರಿ ಮಾತು ಕೊಟ್ಟಿದೀನಿ ಗ್ಲೆಂಡಾ," ಎಂದ ಡ್ವೈಟ್, ತಟ್ಟೆ ನೋಡುತ್ತ. "ಕಳಿಸಿದ ಕಡೆ ಹೋಗ್ತೀನಿ ಅಂತ. ಬಿಷಪ್ಪರ ಕೈ ನನ್ನ ತಲೆ ಮೇಲಿತ್ತು."

"ನೀನು ಕೊಟ್ಟಿದೀಯ. ಪೆನ್ನಿ ಕೊಟ್ಟಿದಾಳಾ?"

ಪೆನ್ನಿ ಎಲ್ಲರ ಬಾಯಿಗಳನ್ನೂ ಒಂದೊಂದಾಗಿ ನೋಡಿ, ತನಗೆ ಯಾರೂ ಏನೂ ಹೇಳುತ್ತಿಲ್ಲವೆಂದು ಮೇಜು ಬಡಿಯಿತು. ಆಗ ಇಮೋಜೀನ್, ಎರಡು ದಿನ ಯೋಚಿಸಿ ಹೇಳಬೇಕಾದ ಮಾತನ್ನು ಥಟ್ಟನೆ ಹೇಳಿಬಿಟ್ಟಳು. ಮಗು ನನ್ನ ಹತ್ತಿರ ಇರಲಿ, ನಾನು ಶಾಲೆಗೆ ಬಿಡುತ್ತೇನೆ, ಹದಿನೈದು ದಿನಕ್ಕೊಮ್ಮೆ ನೀವು ಬನ್ನಿ, ಹೇಗೂ ಈ ಮನೆಯಲ್ಲಿ ನಮಗೆ ಇನ್ನೊಂದು ವರ್ಷ ಇದೆ.

ಗ್ಲೆಂಡಾ ಒಂದು ವಾರ ಆ ಮಾತಿಗೆ ಹೂಂ ಅನ್ನಲಿಲ್ಲ. ಪಾತ್ರೆ ತೊಳೆಯುವಾಗ ಅತ್ತೆಯನ್ನು ಪರೀಕ್ಷೆ ಮಾಡಿದಳು: ಹೊಟ್ಟೆನೋವಿಗೆ ಯಾವ ಸನ್ನೆ, ಹೆದರಿಕೆಗೆ ಯಾವುದು, ಕನಸಿಗೆ ಯಾವುದು. ಇಮೋಜೀನ್ ಸೋಪಿನ ಕೈಯಲ್ಲೇ ತೋರಿಸಿ, ಅರ್ಧಕ್ಕರ್ಧ ತಪ್ಪಿ, ಬೈಸಿಕೊಂಡು, ಮತ್ತೆ ತೋರಿಸಿದಳು. ಕೊನೆಗೆ ಗ್ಲೆಂಡಾ ಒಪ್ಪಿದಳು. ಬೇರೆ ದಾರಿ ಇರಲಿಲ್ಲ.

ಜೂನ್ ಮೊದಲ ವಾರದ ಸಮ್ಮೇಳನ ಆ ಸಲ ಬ್ರೆಂಟ್‌ಫೋರ್ಡಿನಲ್ಲೇ ನಡೆಯಿತು. ಭಾನುವಾರ ಬೆಳಗ್ಗೆ ಬಿಷಪ್ ಮೇಬನ್ ಪಟ್ಟಿ ಓದಿದರು. ಅವರವರ ಹೆಸರಿಗೆ ಅವರವರು ಎದ್ದು ನಿಂತರು, ಡ್ವೈಟ್ ಕೂಡ ನಿಂತ. ಓದಿ ಮುಗಿಸಿದ ಬಿಷಪ್ಪರು ಮಧ್ಯಾಹ್ನದ ಊಟಕ್ಕೆ ಹೋಯ್ಟನ ಮನೆಗೆ ಬಂದರು. ಕರಿದ ಕೋಳಿ, ಹುರಿದ ಬೆಂಡೆಕಾಯಿ, ಸಕ್ಕರೆ ಸುರಿದ ಗೆಣಸು, ಐಸ್ ಹಾಕಿದ ಚಹಾ. ಬಿಷಪ್ಪರದು ದೊಡ್ಡ ಮೈ, ಮೆತ್ತಗಿನ ದನಿ. ಪೆನ್ನಿಯ ಕೆನ್ನೆ ಸವರಿದರು, ಗ್ಲೆಂಡಾಳ ಅಡುಗೆ ಹೊಗಳಿದರು, ಮೂರನೇ ತುಂಡು ಕೋಳಿ ಹಾಕಿಸಿಕೊಂಡು ಇಮೋಜೀನಳ ಕಡೆ ತಿರುಗಿದರು.

"ನಿಮ್ಮ ಯಜಮಾನ್ರು ಈ ಸಲ ನಮಗೆಲ್ಲ ಒಂದು ಪಾಠ ಕಲಿಸಿದ್ರಮ್ಮ. ಈ ಮಾತು ಈ ಮೇಜು ದಾಟಬಾರ್ದು, ಆದ್ರೆ ಮನೆಯವರಿಗೆ ಗೊತ್ತಿರ್ಬೇಕು. ಟಾರ್ಬೆಟ್ಟಿಗೆ ಯಾರು ಅಂತ ತಲೆ ಕೆರ್ಕೊಂಡು ಕೂತಿದ್ವಿ. ಡ್ವೈಟ್ ಹೆಸರು ಯಾರ ಬಾಯಲ್ಲೂ ಇರ್ಲಿಲ್ಲ. ಇವರು ಎದ್ದು ನಿಂತು, 'ನನ್ನ ಮಗನನ್ನ ಕಳಿಸಿ' ಅಂದ್ರು. ನಾನು ಕೇಳಿರ್ಲಿಲ್ಲ. ಯಾರೂ ಕೇಳಿರ್ಲಿಲ್ಲ. ಇಡೀ ಕೋಣೆ ಸುಮ್ಮನಾಗೋಯ್ತು."

ಹೋಯ್ಟ್ ತಲೆ ತಗ್ಗಿಸಿ, ಕೈವಸ್ತ್ರದಿಂದ ಬಾಯಿ ಒರೆಸಿಕೊಂಡ. ಡ್ವೈಟ್ ಅಪ್ಪನನ್ನು ನೋಡಿದ, ಬಿಷಪ್ಪರನ್ನು ನೋಡಿದ. ಗ್ಲೆಂಡಾ ಬೆಂಡೆಕಾಯಿಯ ಬೋಗುಣಿ ಹಿಡಿದು ಬಿಷಪ್ಪರ ಪಕ್ಕದಲ್ಲೇ ನಿಂತಿದ್ದಳು. ಎರಡು ಸೌಟು ಬಡಿಸಿ, ತಗ್ಗಿದ ದನಿಯಲ್ಲಿ ಕೇಳಿದಳು.

"ಮಾವ ಹೇಳದೇ ಇದ್ದಿದ್ರೆ ನಾವು ಎಲ್ಲಿರ್ತಿದ್ವಿ, ಬಿಷಪ್ಪರೇ?"

"ಎಲ್ಲಿ ಅಂದ್ರೆ? ಇಲ್ಲೇ ಮಗಳೇ," ಎಂದರು ಬಿಷಪ್ಪರು ಪ್ರೀತಿಯಿಂದ. "ಟಾರ್ಬೆಟ್ಟಿಗೆ ಒಬ್ಬ ಮದುವೆಯಾಗದ ಹುಡುಗನ್ನ ನೋಡಿಟ್ಟಿದ್ದೆ. ಇನ್ನೂ ಸ್ವಲ್ಪ ಬೆಂಡೆಕಾಯಿ ಹಾಕಮ್ಮ, ಗರಿಗರಿ ಇದೆ."

ಗ್ಲೆಂಡಾ ಹಾಕಿದಳು. ಬೋಗುಣಿಯನ್ನು ಮೇಜಿನ ಮೇಲಿಟ್ಟು, ಪೆನ್ನಿಯನ್ನು ಕುರ್ಚಿಯಿಂದೆತ್ತಿಕೊಂಡು ಮಹಡಿ ಹತ್ತಿದಳು. ಮಗುವಿಗೆ ನಿದ್ದೆಯ ಹೊತ್ತು ಎಂದು ಇಮೋಜೀನ್ ಬಿಷಪ್ಪರಿಗೆ ಸಮಜಾಯಿಷಿ ಹೇಳಿದಳು. ಡ್ವೈಟ್ ಕೊನೆಯವರೆಗೂ ಕೂತು, ಹೊರಡುವಾಗ ಬಿಷಪ್ಪರಿಗೆ ಕೋಟು ತೊಡಿಸಿ ಕೃತಜ್ಞತೆ ಹೇಳಿದ. ಆ ದಿನ ಅವನಿಗೆ ಎರಡು ಏಟು ಹೊಡೆಯಬೇಕೆನಿಸಿತು ತಾಯಿಗೆ.

ಪಾತ್ರೆಗಳ ಮುಂದೆ ನಿಂತು ಅವಳು ಗಂಡನನ್ನು ಕೇಳಿದಳು, ಕಾರಿಡಾರಿನ ಮಾತು ಯಾಕೆ ಹೇಳಿದಿರಿ ಎಂದು.

"ಹೋಗ್ತಿದ್ದೆ. ಅವನ ಹೆಸರು ಬಂದಿದ್ರೆ ಹೋಗ್ತಿದ್ದೆ. ಬರಲಿಲ್ಲ, ಅದಕ್ಕೆ ನಾನೇ ತಂದೆ," ಎಂದ ಹೋಯ್ಟ್. "ನಾಲ್ಕು ವರ್ಷದಿಂದ ಆಡ್ಕೊಳ್ತಿದಾರೆ ಇಮೋಜೀನ್. ಪ್ರುಯೆಟ್ ಮಗನನ್ನ ಮಹಡಿ ಮೇಲೇ ಸಾಕ್ತಿದಾನೆ ಅಂತ. ಅಂಥವನಿಗೆ ಯಾರು ವೋಟ್ ಹಾಕ್ತಾರೆ? ನಿನಗೂ ಬೇಕು ತಾನೇ ಅದು?"

ಬೇಕಿತ್ತು. ಒದ್ದೆ ತಟ್ಟೆಗಳನ್ನು ಒಂದರ ಮೇಲೊಂದು ಸದ್ದಾಗುವಂತೆ ಇಟ್ಟಳು, ಅಷ್ಟೇ.

ಬುಧವಾರ ಡ್ವೈಟ್, ಗ್ಲೆಂಡಾ ಹೊರಟರು. ಹೋಗುವ ಮುನ್ನ ಗ್ಲೆಂಡಾ ಮಾವನ ಜೊತೆ ಮಾತಾಡಲಿಲ್ಲ, ಬಿಷಪ್ಪರು ಊಟಕ್ಕೆ ಬಂದ ದಿನದಿಂದಲೇ ಆಡುತ್ತಿರಲಿಲ್ಲ. ಪೆನ್ನಿ ಕಾರಿನ ಹಿಂದೆ ಬೀದಿಯ ತುದಿಯವರೆಗೆ ಓಡಿ, ಬಿದ್ದು ಮಂಡಿ ತರಚಿಕೊಂಡಿತು. ನಾಲ್ಕು ದಿನ ಸರಿಯಾಗಿ ಉಣ್ಣಲಿಲ್ಲ. ಐದನೇ ದಿನ ಇಮೋಜೀನಳ ಏಪ್ರನ್ನು ಹಿಡಿದೆಳೆದು ಪ್ಯಾನ್‌ಕೇಕ್ ಕೇಳಿತು.

ಆಮೇಲಿನ ಐದು ವಾರ ಇಮೋಜೀನಳಿಗೆ ಸುಖ ಎಂದರೆ ಏನೆಂದು ತಿಳಿಯಿತು. ಬೆಳಗ್ಗೆ ಬೇಸಿಗೆ ತರಗತಿಗೆ ಬಿಡುವುದು, ಅಲ್ಲೇ ಹಿಂದಿನ ಬೆಂಚಿನಲ್ಲಿ ಕೂತು ತಾನೂ ಕಲಿಯುವುದು, ಮಧ್ಯಾಹ್ನ ಇಬ್ಬರೂ ಸೇರಿ ಅವರೆಕಾಯಿ ಬಿಡಿಸುವುದು. ತನ್ನ ಮಗನನ್ನು ಸಾಕುವಾಗ ಅವಳಿಗೆ ಸಭೆಯ ಹೆಂಗಸರ ಕೂಟ, ಸತ್ತವರ ಮನೆಯ ಅಡುಗೆ, ಭಾನುವಾರ ಶಾಲೆ ಎಂದು ಉಸಿರಾಡಲು ಪುರಸತ್ತಿರಲಿಲ್ಲ. ಈಗ ಇತ್ತು. ಮಗು ಅವಳ ತಪ್ಪು ಸನ್ನೆಗಳಿಗೆ ಹೊಟ್ಟೆ ಹಿಡಿದು ನಗುತ್ತಿತ್ತು, ಬೆರಳು ಹಿಡಿದು ತಿದ್ದುತ್ತಿತ್ತು. ಬಿಷಪ್ಪರ ಹೆಂಡತಿ ಎನಿಸಿಕೊಳ್ಳುವ ಆಸೆ ಯಾವಾಗ ಸತ್ತಿತೋ ಅವಳಿಗೇ ಗೊತ್ತಾಗಲಿಲ್ಲ.

ಎರಡನೇ ಸಲ ಬಂದಾಗ ಗ್ಲೆಂಡಾ, ಹಿತ್ತಲ ಮೆಟ್ಟಿಲ ಮೇಲೆ ಮಗುವಿನ ಕಾಲುಗುರು ಕತ್ತರಿಸುತ್ತ ನೇರವಾಗಿ ಕೇಳಿದಳು. ಮಾವ ಗೆದ್ದುಬಿಟ್ಟರೆ?

ಗೆಲ್ಲಲ್ಲ ಎಂದಳು ಇಮೋಜೀನ್. ಮೂರು ಸಲ ಸೋತಿಲ್ಲವೇ.

"ಗೆದ್ರೆ ಬೇರೆ ರಾಜ್ಯಕ್ಕೆ ಹಾಕ್ತಾರೆ. ನೀವೂ ಹೋಗ್ತೀರ. ಇವಳು ಹಾಸ್ಟೆಲ್ಲಿಗೆ ಹೋಗ್ತಾಳೆ. ನನಗೆ ಮಾತು ಕೊಡಿ ಅತ್ತೆ. ಈ ಮನೇಲಿ ಎಲ್ಲರೂ ಬಿಷಪ್ಪರಿಗೆ ಮಾತು ಕೊಟ್ಟವರೇ. ನೀವೊಬ್ರು ನನಗೆ ಕೊಡಿ."

ಇಮೋಜೀನ್ ಕೊಟ್ಟಳು. ನನ್ನ ಕೈಲಾದ್ದು ಮಾಡುತ್ತೇನೆ, ಇವಳನ್ನು ಬಿಟ್ಟು ಹೋಗಲ್ಲ ಎಂದು ಮಗುವಿನ ಪಾದ ಮುಟ್ಟಿ ಹೇಳಿದಳು.

ಜುಲೈ ಮಧ್ಯದಲ್ಲಿ ಗುಡ್ಡಗಳ ನಡುವಿನ ಸರೋವರದ ದಂಡೆಯಲ್ಲಿ ಬಿಷಪ್ಪರನ್ನು ಆರಿಸಲು ಒಂಬತ್ತು ರಾಜ್ಯಗಳ ಪ್ರತಿನಿಧಿಗಳು ಸೇರಿದರು, ಅರ್ಧ ಪಾದ್ರಿಗಳು, ಅರ್ಧ ಸಭೆಯ ಸಾಮಾನ್ಯರು. ಇಮೋಜೀನ್ ಗಂಡನ ಜೊತೆ ಹೋಗಿದ್ದಳು, ಗ್ಲೆಂಡಾ ಮಗುವನ್ನು ನೋಡಿಕೊಳ್ಳಲು ಬ್ರೆಂಟ್‌ಫೋರ್ಡಿಗೆ ಬಂದಿದ್ದಳು. ಗೆಲ್ಲಲು ನೂರಕ್ಕೆ ಅರವತ್ತು ವೋಟು ಬೇಕು. ಅಷ್ಟು ಬರುವವರೆಗೆ ಮತ್ತೆ ಮತ್ತೆ ಚೀಟಿ ಹಾಕುತ್ತಲೇ ಇರುತ್ತಾರೆ, ನಡುನಡುವೆ ಕೀರ್ತನೆ ಹಾಡುತ್ತಾರೆ. ಎರಡು ದಿನದಲ್ಲಿ ಇಬ್ಬರು ಗೆದ್ದರು, ಒಂದು ಸ್ಥಾನ ಉಳಿಯಿತು. ಹೋಯ್ಟ್ ಮೂವತ್ತೆಂಟು ವೋಟಿನಲ್ಲೇ ನಿಂತಿದ್ದ. ರಾತ್ರಿ ಮಲಗುವಾಗ ಬಿಷಪ್ ಮೇಬನ್ನರು ತನ್ನ ಪರವಾಗಿ ಬಾಯಿ ಬಿಡುತ್ತಿಲ್ಲವೆಂದು ಗೊಣಗುತ್ತಿದ್ದ. ಇಮೋಜೀನ್ ಕತ್ತಲಲ್ಲಿ ಸಮಾಧಾನದಿಂದ ನಿದ್ದೆ ಹೋದಳು.

ಮೂರನೇ ದಿನ ಬೆಳಗ್ಗೆ ಅತಿಥಿಗೃಹದ ಜಗಲಿಯಲ್ಲಿ ಓಲೆಟಾ ಹೆಂಬ್ರಿ ಅವಳ ಪಕ್ಕದ ತೂಗುಕುರ್ಚಿಗೆ ಬಂದು ಕೂತಳು. ಪಕ್ಕದ ರಾಜ್ಯದ ಗುಂಪಿನ ಹಿರಿಯ ಹೆಂಗಸು, ಅವಳು ಹೇಳಿದ ಕಡೆ ಎಪ್ಪತ್ತು ವೋಟು ಬೀಳುತ್ತವೆಂದು ಎಲ್ಲರಿಗೂ ಗೊತ್ತಿತ್ತು. ಅವರ ಕಡೆಯ ಅಭ್ಯರ್ಥಿ ಹಿಂದೆ ಸರಿದಿದ್ದ. ಓಲೆಟಾ ಸುತ್ತಿ ಬಳಸಿ ಮಾತಾಡುವವಳಲ್ಲ. ಮಕ್ಕಳಿಗೆ, ಅಳಿಯಂದಿರಿಗೆ ಒಳ್ಳೊಳ್ಳೆ ಚರ್ಚು ಹಂಚುವ ಬಿಷಪ್ಪರನ್ನು ನೋಡಿ ನೋಡಿ ತಮಗೆಲ್ಲ ಸಾಕಾಗಿದೆ, ನಿಮ್ಮ ಯಜಮಾನರೂ ಮಗನನ್ನು ಮನೆಯಲ್ಲೇ ಇಟ್ಟುಕೊಂಡಿದ್ದಾರಂತೆ, ಹೌದೇ ಎಂದು ಕೇಳಿದಳು. ಅವರೆಂಥ ಮನುಷ್ಯ?

ಹೌದು ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಇಮೋಜೀನಳಿಗೆ ಐದಾರು ವಾರದ ಸಿಟ್ಟು ಉಕ್ಕಿಬಂತು. ಆ ಮನುಷ್ಯನ ನಿಜವಾದ ಬಣ್ಣ ಹೇಳಿಬಿಟ್ಟರೆ ಇನ್ನು ಜನ್ಮದಲ್ಲಿ ಯಾರೂ ಅವನಿಗೆ ವೋಟು ಹಾಕರು ಎಂದುಕೊಂಡಳು.

"ಎಂಥ ಮನುಷ್ಯ ಅಂತ ಹೇಳ್ತೀನಿ ಕೇಳಿ. ಕ್ಯಾಬಿನೆಟ್ಟಲ್ಲಿ ತಾನೇ ಎದ್ದು ನಿಂತು ಮಗನನ್ನ ಕೊಟ್ಟರು, ಯಾರೂ ಹೋಗಲ್ಲ ಅನ್ನೋ ಊರಿಗೆ. ಬಿಷಪ್ಪರು ಕೇಳಿರ್ಲಿಲ್ಲ. ಅವನ ಮಗಳಿಗೆ ಐದು ವರ್ಷ, ಕಿವಿ ಕೇಳಲ್ಲ. ಅಪ್ಪ ಅಮ್ಮನ್ನ ಬಿಟ್ಟು ಇದೆ ಈಗ. ಸೊಸೆ ಬೇಡ್ಕೊಂಡ್ಳು. ಒಂದು ಹನಿ ಕಣ್ಣೀರು ಬರಲಿಲ್ಲ ಇವರಿಗೆ. ಅಂಥ ಮನುಷ್ಯ."

ಓಲೆಟಾಳ ಕಣ್ಣು ತೇವವಾಗಿತ್ತು. ಇಮೋಜೀನಳ ಕೈಯನ್ನು ಎರಡೂ ಕೈಯಲ್ಲಿ ಒತ್ತಿ, ನಿಮಗೆ ಎಷ್ಟು ಕಷ್ಟ ಆಗಿರಬೇಕು ಎಂದು ಹೇಳಿ, ಎದ್ದು ಹೋದಳು. ಕೆಲಸ ಆಯಿತು ಎಂದುಕೊಂಡಳು ಇಮೋಜೀನ್. ತಣ್ಣಗಾದ ಕಾಫಿಯನ್ನು ತೃಪ್ತಿಯಿಂದ ಕುಡಿದಳು.

ಮುಂದಿನ ಎಣಿಕೆಯಲ್ಲಿ ಹೋಯ್ಟನಿಗೆ ನೂರ ಹನ್ನೆರಡು ವೋಟು ಬಂದವು. ಅದರ ಮುಂದಿನದರಲ್ಲಿ ನೂರ ತೊಂಬತ್ತು. ಊಟದ ಸಾಲಿನಲ್ಲಿ ಗುರುತಿಲ್ಲದ ಹೆಂಗಸರು ಬಂದು ಇಮೋಜೀನಳನ್ನು ಅಪ್ಪಿಕೊಂಡರು. ಒಬ್ಬ ಮುದುಕ ಪಾದ್ರಿ ಅವಳ ತಟ್ಟೆ ಹಿಡಿದುಕೊಂಡು, ಅಬ್ರಹಾಮನ ಹೆಂಡತಿ ಸಾರಳ ಬಗ್ಗೆ ಯಾರೂ ಚರ್ಚಿನಲ್ಲಿ ಉಪದೇಶ ಮಾಡುವುದಿಲ್ಲ, ಮಾಡಬೇಕು ಎಂದ. ಅವಳಿಗೆ ಆಗ ಅರ್ಥವಾಯಿತು. ದೇವರಿಗಾಗಿ ಮಗನನ್ನೇ ಬಲಿಪೀಠದ ಮೇಲೆ ಇಟ್ಟ ಅಬ್ರಹಾಮನ ಕಥೆ ಕೇಳಿ ಬೆಳೆದ ಜನರ ಮುಂದೆ ಅವಳು ಅದೇ ಕಥೆ ಹೇಳಿದ್ದಳು. ಓಲೆಟಾಳನ್ನು ಹುಡುಕಿಕೊಂಡು ಓಡಿದಳು. ಓಲೆಟಾ ಸಭಾಂಗಣದ ಒಳಗಿದ್ದಳು, ಮತ ಎಣಿಕೆಯ ಹೊತ್ತಿನಲ್ಲಿ ಹೊರಗಿನವರನ್ನು ಒಳಗೆ ಬಿಡುತ್ತಿರಲಿಲ್ಲ.

ಮಧ್ಯಾಹ್ನ ನಾಲ್ಕಕ್ಕೆ ಹೋಯ್ಟ್ ಬಿಷಪ್ಪಾದ. ಇಬ್ಬರು ಹಿರಿಯ ಬಿಷಪ್ಪರು ಅವನ ತೋಳು ಹಿಡಿದು ವೇದಿಕೆಗೆ ನಡೆಸಿದರು. ಇಮೋಜೀನಳನ್ನೂ ಕರೆತಂದು ಪಕ್ಕದಲ್ಲಿ ನಿಲ್ಲಿಸಿದರು. ಜನ ಎದ್ದು ನಿಂತು ಹಾಡಿದರು, ಅವಳು ಅತ್ತಳು. ಅದನ್ನು ನೋಡಿ ಮುಂದಿನ ಸಾಲಿನವರೂ ಅತ್ತರು.

ಮನೆಗೆ ಬಂದ ದಿನ ಡ್ವೈಟ್ ಕೂಡ ಬಂದಿದ್ದ. ಅಪ್ಪನನ್ನು ಅಪ್ಪಿಕೊಂಡ. ಇಡೀ ಗುಡ್ಡಗಾಡಿನಲ್ಲಿ ತನಗೆ ಈಗ ಬೇರೆಯೇ ಮರ್ಯಾದೆ ಎಂದ. ಹೋಯ್ಟನನ್ನು ಎರಡು ರಾಜ್ಯದಾಚೆಗೆ ನೇಮಿಸಿದ್ದರು, ಸೆಪ್ಟೆಂಬರ್ ಒಂದಕ್ಕೆ ಅಲ್ಲಿರಬೇಕು. ಮೇಜಿನ ಸುತ್ತ ಎಲ್ಲರೂ ಕೂತರು. ಗ್ಲೆಂಡಾ ಮಗುವಿಗೆ ಕೋಳಿಯ ಮೂಳೆ ಬಿಡಿಸುತ್ತಿದ್ದಳು.

ಇಮೋಜೀನ್ ಗಂಡನಿಗೆ ಹೇಳಿದಳು, ಈಗ ನೀವು ಬಿಷಪ್ಪರು, ಮೇಬನ್ನರಿಗೆ ಒಂದು ಕಾಗದ ಬರೆಯಿರಿ, ಡ್ವೈಟನನ್ನು ಬ್ರೆಂಟ್‌ಫೋರ್ಡಿಗೆ ವಾಪಸು ಹಾಕಲಿ.

"ಒಬ್ಬ ಬಿಷಪ್ ಇನ್ನೊಬ್ಬ ಬಿಷಪ್ಪರ ಸೀಮೆಗೆ ಕೈ ಹಾಕೋದಿಲ್ಲ. ನಡೆಯೋದಿಲ್ಲ ಅದು," ಎಂದ ಹೋಯ್ಟ್. "ಅದೂ ಅಲ್ದೆ, ಆ ವೋಟು ಬಂದಿದ್ದೇ ಅದಕ್ಕೆ. ಈಗ ಅವನನ್ನ ವಾಪಸ್ ತಂದ್ರೆ ನನ್ನ ಮುಖಕ್ಕೆ ಉಗೀತಾರೆ." ಆಮೇಲೆ ಮಗನ ಕಡೆ ಪ್ರೀತಿಯಿಂದ ತಿರುಗಿದ. "ನಿಮ್ಮಮ್ಮಂಗೆ ಥ್ಯಾಂಕ್ಸ್ ಹೇಳು. ನನ್ನ ಬಾಯಿಂದ ಆ ಮಾತು ಬರೋ ಹಾಗಿರ್ಲಿಲ್ಲ. ಓಲೆಟಾ ಹೆಂಬ್ರಿ ಕಿವಿಗೆ ಹಾಕಿದ್ದು ಇವಳೇ."

ಗ್ಲೆಂಡಾಳ ಕೈ ಮೂಳೆಯ ಮೇಲೆ ನಿಂತಿತು.

"ನಾನು ಹೇಳಿದ್ದು ನಿಮ್ಮನ್ನ ಸೋಲಿಸೋಕೆ," ಎಂದಳು ಇಮೋಜೀನ್. "ಕೇಳಿದವರು ನಿಮಗೆ ಛೀ ಅಂತಾರೆ ಅಂದ್ಕೊಂಡೆ. ನನ್ನಾಣೆ, ಸೋಲಿಸೋಕೇ ಹೇಳಿದ್ದು."

ಹೋಯ್ಟ್ ಗಟ್ಟಿಯಾಗಿ ನಕ್ಕ. ಮೂವತ್ನಾಲ್ಕು ವರ್ಷದಿಂದ ಇವಳಿಗೆ ಹೊಗಳಿಸಿಕೊಳ್ಳೋದು ಅಂದರೆ ನಾಚಿಕೆ ಎಂದು ಮಗನಿಗೆ ಹೇಳಿದ. ಡ್ವೈಟ್ ಕೂಡ ನಕ್ಕ, ಎಲ್ಲಾ ದೇವರ ಚಿತ್ತ ಅಮ್ಮ ಎಂದ.

"ಹೇಳಿದ್ದು ನೀವೇ ತಾನೇ?" ಎಂದು ಕೇಳಿದಳು ಗ್ಲೆಂಡಾ.

"ಹೇಳಿದ್ದು ನಾನೇ. ಆದ್ರೆ..."

"ಅಷ್ಟು ಸಾಕು ಅತ್ತೆ."

ಅಂದಿನಿಂದ ಗ್ಲೆಂಡಾ ಮಗುವನ್ನು ಅವಳ ಹತ್ತಿರ ಬಿಡಲಿಲ್ಲ. ಆಗಸ್ಟ್ ಪೂರ್ತಿ ಟಾರ್ಬೆಟ್ಟಿನಲ್ಲೇ ಇಟ್ಟುಕೊಂಡಳು. ವಸತಿ ಶಾಲೆಯವರು ಕಳಿಸಿದ ಪಟ್ಟಿಯಂತೆ ಆರು ಜೊತೆ ಒಳಉಡುಪು, ಆರು ಜೊತೆ ಕಾಲುಚೀಲಕ್ಕೆ ಹೆಸರು ಹೊಲಿದಳು. ಇಮೋಜೀನ್ ಬರೆದ ನಾಲ್ಕು ಕಾಗದಕ್ಕೂ ಉತ್ತರ ಬರಲಿಲ್ಲ. ಇಲ್ಲಿಯೇ ಉಳಿಯುತ್ತೇನೆ ಎಂದು ಅವಳು ಒಂದು ದಿನ ಗಂಡನಿಗೆ ಹೇಳಿಯೂ ನೋಡಿದಳು. ಎಲ್ಲಿ ಉಳೀತೀಯ, ಈ ಮನೆ ನಿನ್ನದಾ ಎಂದು ಅವನು ಕೇಳಿದ. ಹಾಗೆ ಕೇಳುವಾಗ ಅವನಿಗೆ ಕೋಪವೂ ಇರಲಿಲ್ಲ.

ಆಗಸ್ಟ್ ಮೂವತ್ತು, ಸೋಮವಾರ. ಹೊಸ ಮೇಲ್ವಿಚಾರಕರ ಸಾಮಾನು ಆಗಲೇ ಹಿಂಬಾಗಿಲಿಂದ ಒಳಗೆ ಬರುತ್ತಿತ್ತು. ಡ್ವೈಟ್ ಮತ್ತು ಗ್ಲೆಂಡಾ ವಸತಿ ಶಾಲೆಗೆ ಹೋಗುವ ದಾರಿಯಲ್ಲಿ, ಪೆನ್ನಿಯ ಉಳಿದ ಬಟ್ಟೆ ಒಯ್ಯಲು ನಿಂತರು. ಡ್ವೈಟ್ ಪೆಟ್ಟಿಗೆ ತರಲು ಮಹಡಿಗೆ ಹೋದ. ಹೋಯ್ಟ್ ಕಪ್ಪು ಸೂಟು ಹಾಕಿ, ಹೊಸ ಕಾರಿನ ಸ್ಟಿಯರಿಂಗ್ ಹಿಡಿದು ಕೂತು, ಹೊತ್ತಾಯಿತು ಎಂದು ಹಾರ್ನ್ ಒತ್ತಿದ. ಇಮೋಜೀನ್ ಅಂಗಳದ ದಾರಿಯಲ್ಲಿ ನಿಂತಿದ್ದಳು. ಹತ್ತು ಹೆಜ್ಜೆ ದೂರದಲ್ಲಿ ಗ್ಲೆಂಡಾ ಮಗುವಿನ ಕೈ ಹಿಡಿದುಕೊಂಡಿದ್ದಳು.

ಪೆನ್ನಿ ತಾಯಿಯ ಕೈ ಬಿಡಿಸಿಕೊಂಡು ಕೇಳಿತು, ನನ್ನನ್ನು ಆ ದೊಡ್ಡ ಮನೆಗೆ ಕಳಿಸುತ್ತಿರುವುದು ಯಾರು. ಗ್ಲೆಂಡಾ ಅತ್ತೆಗೂ ಕಾಣುವಂತೆ ಸ್ವಲ್ಪ ತಿರುಗಿ ನಿಂತಳು. ಹೆಬ್ಬೆರಳನ್ನು ಗದ್ದಕ್ಕೆ ಮುಟ್ಟಿಸಿ, ಮುಂದಕ್ಕೆ ಎರಡು ಸಲ ಜಿಗಿಸಿದಳು. ಅಜ್ಜಿ.

ಮಗು ತಿರುಗಿ ನೋಡಿತು. ನೀನಾ, ಎಂದು ಬೆರಳು ತೋರಿಸಿ ಕೇಳಿತು.

ಇಮೋಜೀನ್ ಎರಡೂ ಕೈ ಎತ್ತಿದಳು. ಅವಳ ಕೈಗೆ ಹಾಲು ಗೊತ್ತಿತ್ತು, ನಿದ್ದೆ, ಹಕ್ಕಿ, ಹೊಟ್ಟೆನೋವು, ಇನ್ನೂ ಬೇಕು, ನಾಳೆ ಎಲ್ಲ ಗೊತ್ತಿತ್ತು. ನಡೆದದ್ದನ್ನು ಹೇಳುವ ಒಂದು ಮಾತೂ ಅದರಲ್ಲಿರಲಿಲ್ಲ. ಇಲ್ಲ, ಇಲ್ಲ ಎಂದಷ್ಟೇ ತೋರಿಸಿದಳು. ಪೆನ್ನಿ ಅವಳ ಖಾಲಿ ಕೈಗಳನ್ನು ಸ್ವಲ್ಪ ಹೊತ್ತು ನೋಡಿ, ಮತ್ತೆ ತಾಯಿಯ ಕಡೆ ತಿರುಗಿತು. ಬೆರಳುಗಳನ್ನು ತುಟಿಗೆ ಮುಟ್ಟಿಸಿ, ಅಂಗೈಯನ್ನು ಕೆಳಕ್ಕೆ ಕೊಡವಿತು. ಅಜ್ಜಿ ಕೆಟ್ಟವಳಾ? ಗ್ಲೆಂಡಾ ಮುಷ್ಟಿ ಕಟ್ಟಿ ಮೇಲೆ ಕೆಳಗೆ ಆಡಿಸಿದಳು. ಹೌದು. ಮಗು ಪಾಠ ಒಪ್ಪಿಸುವಂತೆ ಆ ಅಂಗೈ ಕೊಡವುವ ಸನ್ನೆಯನ್ನೇ ಅಜ್ಜಿಯ ಕಡೆ ತಿರುಗಿ ಇನ್ನೊಮ್ಮೆ ಮಾಡಿ ತೋರಿಸಿತು.

ಇಮೋಜೀನ್ ಕಾರು ಹತ್ತಿ ಬಾಗಿಲು ಹಾಕಿಕೊಂಡಳು.

"ಏನಂತೆ ಅವಳದು?" ಎಂದು ಕೇಳಿದ ಹೋಯ್ಟ್. "ಟಾಟಾ ಹೇಳ್ತಿದಾಳಾ?"

"ಹೂಂ. ಟಾಟಾ ಹೇಳ್ತಿದಾಳೆ."

ಅವನು ಕಿಟಕಿಯಿಂದ ಕೈ ಹೊರಗೆ ಹಾಕಿ ತಾನೂ ಬೀಸಿದ.